ನೆರಳಿನ ಸಸಿ ಬಿಸಲಿಗೆ ಯಾಕ ಬೆಳ್ಳಗಾಗತಾವು

ಶೇಡ್ ನೆಟ್ ಕೆಳಗಿಂದ ತಂದ ಬ್ಯಾಡಗಿ ಮೆಣಸಿನ ಸಸಿ ಎರಡ ದಿನದಾಗ ಬೆಳ್ಳಗಾದ್ವು, ಬಿಸಲು ಹೆಚ್ಚಾದ್ರ ಚೊಲೋನ ಅಲ್ಲೇನು ಅಂತ ಕೇಳೀರಿ. ಅಲ್ರೀ, ಎಲಿ ಬೆಳಕು ಹಿಡೀತನ ಇರತೈತಿ ಆದ್ರ ಸಕ್ರಿ ಮಾಡೂದಕ್ಕ ಒಂದು ಮಿತಿ ಐತಿ, ಮಿಕ್ಕಿದ ಶಕ್ತಿ ಆಕ್ಸಿಜನ್‌ಗೆ ಸಿಕ್ತಂದ್ರ ಒಳಗಿಂದೆಲ್ಲಾ ಸುಟ್ಟು ಹಾಕತೈತಿ. ಅದಕ್ಕ ಗಿಡದಾಗ ಒಂದು ಸೇಫ್ಟಿ ವಾಲ್ವ್ ಇರತೈತಿ. ಬೆಳಕು ಜಾಸ್ತಿ ಆದಂಗ ಥೈಲಕಾಯ್ಡ್ (ಎಲಿಯೊಳಗ ಬೆಳಕು ಹಿಡಿಯೂ ಸಣ್ಣ ಚೀಲ) ಒಳಗ ಆಮ್ಲ ಏರತೈತಿ, ಪಿಎಸ್‌ಬಿಎಸ್ ಅನ್ನೂ ಪ್ರೋಟೀನ್‌ಗೆ ಅದು ಗೊತ್ತಾಗತೈತಿ, ವಯೋಲಾಕ್ಸಾಂಥಿನ್ ಅನ್ನೂ ಹಳದಿ ಬಣ್ಣ ಝಿಯಾಕ್ಸಾಂಥಿನ್ ಆಗತೈತಿ, ಹೆಚ್ಚಿನ ಶಕ್ತಿ ಬರೇ ಶಾಖ ಆಗಿ ಹೊರಗ ಹೊಕ್ಕೈತಿ, ಇಷ್ಟೆಲ್ಲಾ ನಿಮಿಷದಾಗ. ಇಷ್ಟಾದ್ರೂ ಬೆಳಕಿನ ಶಕ್ತಿ ಬಳಸೂ ಯಂತ್ರದಾಗಿನ ಡಿ1 ಅನ್ನೂ ಪ್ರೋಟೀನ್ ಮುರೀತನ ಇರತೈತಿ, ಗಿಡ ಹೊಸಾದು ಕೂಡಸ್ಕೋತನ ಇರತೈತಿ, ಪಂಪ್‌ಸೆಟ್ಟಿನ ವಾಷರ್ ಬದಲಿ ಮಾಡಿದಂಗ ನೋಡ್ರಿ.

ನೆರಳಾಗ ಬೆಳದ ಎಲಿಯೊಳಗ ಈ ಹಳದಿ ಬಣ್ಣದ ಸ್ಟಾಕ ಕಡಿಮಿ, ರಿಪೇರಿನೂ ಸಾವಕಾಶ. ನಾನೂ ಧಾರವಾಡದಾಗ ಟೆರೇಸ್ ಮ್ಯಾಲೆ ಹಿಂಗ ಮಾಡಿ ಹನ್ನೆರಡು ಸಸಿ ಕಳಕೊಂಡೇನಿ, ಎಲಿ ನಡುವ ಕಾಗದದಂಗ ಬಿಳಿ ಕಲಿ ಬಿದ್ದಿದ್ವು. ಬಿಳಿ ಆಗಿದ್ದು ತಿರಗಿ ಹಸರಾಗೂದಿಲ್ರಿ, ಆದ್ರ ಸುಳಿ ಹಸರಿದ್ರ ಕೀಳಬ್ಯಾಡ್ರಿ. ಒಂದು ವಾರ ಮುಂಜಾನಿ ಬಿಸಲಷ್ಟ ತೋರಸ್ರಿ, ಮಧ್ಯಾಹ್ನ ಹಳೇ ಸೀರಿ ಕಟ್ರಿ.