ಹಳೇ ಕಾಲದ ಎಲೆಕ್ಟ್ರಿಕ್ ಸ್ವಿಂಗ್, ಬ್ಲೂಸ್ ಗಿಟಾರ್ ಕಲಿಯೋಕೆ ಒಂದು ವಾರದ ಶಿಬಿರ ಸಾಕಾ?

ನೀವು ನಾಲ್ಕು ವರ್ಷದಿಂದ ಗಿಟಾರ್ ನುಡಿಸುತ್ತಿದ್ದೀರಿ. ಪೆಂಟಾಟಾನಿಕ್ ಸ್ಕೇಲ್ (ಐದು ಸ್ವರಗಳ ಸಾಲು) ಕೈಗೆ ಹತ್ತಿದೆ. ಆದರೂ ಸ್ವಿಂಗ್ ಜಾಝ್ ಗಿಟಾರ್‌ನ ಚಾರ್ಲಿ ಕ್ರಿಶ್ಚಿಯನ್, ಬ್ಲೂಸ್ ಗಿಟಾರ್‌ನ ಟಿ-ಬೋನ್ ವಾಕರ್ ಅವರ ಆ ನಡೆ ಬರುತ್ತಿಲ್ಲ. ಅಮೆರಿಕದಲ್ಲೇ ಇರುವುದರಿಂದ ಅಲ್ಲಿಯ ಒಂದು ವಸತಿ ಶಿಬಿರಕ್ಕೆ ದುಡ್ಡು ಕಟ್ಟಬಹುದಾ, ಇಲ್ಲ ಯೂಟ್ಯೂಬ್ ಸಾಕಾ ಅಂತ ಕೇಳಿದ್ದೀರಿ.

ಖಂಡಿತ ಹೋಗಿ. ಆದರೆ ಸೋಲೋ (ಒಬ್ಬರೇ ಮುಂದೆ ನಿಂತು ನುಡಿಸುವ ಸ್ವರಗಳು) ಕಲಿಯೋಕೆ ಅಂತ ಹೋಗಬೇಡಿ, ರಿದಮ್ (ಹಿಂದಿನಿಂದ ತಾಳ ಹಿಡಿದು ನುಡಿಸುವುದು) ಕಲಿಯೋಕೆ ಹೋಗಿ.

ನಾನು ಹೋಗಿದ್ದು ಅಪಲಾಚಿಯನ್ ಬೆಟ್ಟಗಳ ನಡುವಿನ ಒಂದು ಕಾಲೇಜಿಗೆ. ಬೇಸಿಗೆ ರಜೆಯಲ್ಲಿ ಖಾಲಿ ಇದ್ದ ಹಾಸ್ಟೆಲ್ ಕೋಣೆಗಳನ್ನೇ ನಮಗೆ ಕೊಟ್ಟಿದ್ದರು. ತರಗತಿಯಲ್ಲಿ ಒಂಬತ್ತು ಜನ. ಮೊದಲ ದಿನವೇ ಮೇಷ್ಟ್ರು ಎಲ್ಲರ ಆಂಪ್ (ಗಿಟಾರ್ ಸದ್ದು ಹೆಚ್ಚಿಸುವ ಪೆಟ್ಟಿಗೆ) ಆಫ್ ಮಾಡಿಸಿದರು. ಕಲಿಸಿದ್ದು ಒಂದೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಜಿ ಸಿಕ್ಸ್ತ್, ಅದೂ ಬರೀ ಮೂರು ತಂತಿಯಲ್ಲಿ. ಆರನೇ ತಂತಿ ಮೂರನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಮನೆ), ನಾಲ್ಕನೇ ತಂತಿ ಎರಡನೇ ಫ್ರೆಟ್, ಮೂರನೇ ತಂತಿ ನಾಲ್ಕನೇ ಫ್ರೆಟ್. ನಡುವಿನ ಐದನೇ ತಂತಿಗೆ ಬೆರಳು ಸ್ವಲ್ಪ ತಾಗಿಸಿ ಅದರ ಸದ್ದು ಅಡಗಿಸಬೇಕು. ಬಾರ್‌ಗೆ, ಅಂದರೆ ತಾಳದ ಒಂದು ಸುತ್ತಿಗೆ, ನಾಲ್ಕು ಏಟು, ನಾಲ್ಕೂ ಮೇಲಿಂದ ಕೆಳಕ್ಕೆ. ಏಟು ಬಿದ್ದ ತಕ್ಷಣ ಎಡಗೈ ಸಡಿಲ ಬಿಡಬೇಕು, ಆದರೆ ಬೆರಳು ತಂತಿ ಬಿಟ್ಟು ಏಳಬಾರದು. ಆಗ ನಾದ ಮೊಟಕಾಗಿ 'ಚಕ್' ಅನ್ನುತ್ತದೆ. ಎರಡನೇ ಮತ್ತು ನಾಲ್ಕನೇ ಏಟಿಗೆ ಒಂಚೂರು ಒತ್ತು.

ಅರ್ಧ ಗಂಟೆ ಇದೊಂದೇ. ಮೇಷ್ಟ್ರು ನನ್ನ ಪಕ್ಕ ಬಂದು ನಿಂತು, "ಪಕ್ಕದವರ ಪಿಕ್ ಸದ್ದು ನಿನಗೆ ಕೇಳಿಸ್ತಿದೆಯಾ?" ಅಂದರು. (ಪಿಕ್ ಅಂದರೆ ತಂತಿ ಮೀಟುವ ಚಿಕ್ಕ ಚೂರು.) ಇಲ್ಲ ಅಂದೆ. "ಹಾಗಾದ್ರೆ ನೀನು ಜೋರಾಗಿ ಬಾರಿಸ್ತಿದ್ದೀಯ." ಕೈ ಹಗುರ ಮಾಡಿದೆ. ಸ್ವಲ್ಪ ಹೊತ್ತಿಗೆ ಒಂಬತ್ತು ಗಿಟಾರ್ ಸೇರಿ ಒಂದೇ ಗಿಟಾರ್ ಆಯಿತು. ಮೈ ಜುಮ್ಮೆಂದಿತು. ನಾನು ದುಡ್ಡು ಕಟ್ಟಿದ್ದಕ್ಕೆ ಆ ಅರ್ಧ ಗಂಟೆಯೇ ಸಾಕಿತ್ತು. ಕೌಂಟ್ ಬೇಸಿಯವರ ಜಾಝ್ ತಂಡದಲ್ಲಿ ಗಿಟಾರ್ ವಾದಕ ಫ್ರೆಡ್ಡಿ ಗ್ರೀನ್ 1937ರಿಂದ 1987ರಲ್ಲಿ ತೀರಿಹೋಗುವವರೆಗೂ ಹೆಚ್ಚುಕಮ್ಮಿ ಇದನ್ನೇ ನುಡಿಸಿದರು. ಆ ತಂಡದ ನಡಿಗೆ ಅವರ ಕೈಯಲ್ಲಿತ್ತು.

ಸೋಲೋ ಬೇಕಾದವರಿಗೆ ಇದೆಲ್ಲ ಯಾಕೆ ಅಂತ ಅನ್ನಿಸಬಹುದು, ಅಲ್ವಾ? ಆ ಕಾಲದ ಗಿಟಾರ್‌ನವರು ರಿದಮ್‌ನಿಂದಲೇ ಸೋಲೋಗೆ ಬಂದವರು. ದೊಡ್ಡ ಬ್ಯಾಂಡ್‌ನ ಕಹಳೆ, ಸ್ಯಾಕ್ಸೋಫೋನ್‌ಗಳ ನಡುವೆ ಆಂಪ್ ಇಲ್ಲದ ಗಿಟಾರ್‌ನ ಒಂಟಿ ಸ್ವರ ಕೇಳಿಸುತ್ತಲೇ ಇರಲಿಲ್ಲ. 1936ರಲ್ಲಿ ಗಿಬ್ಸನ್ ಕಂಪನಿಯವರ ಎಲೆಕ್ಟ್ರಿಕ್ ಗಿಟಾರ್ ಇಎಸ್-150 ಬಂತು. ಚಾರ್ಲಿ ಕ್ರಿಶ್ಚಿಯನ್ ಅದನ್ನು ಹಿಡಿದು 1939ರಲ್ಲಿ ಬೆನ್ನಿ ಗುಡ್‌ಮನ್ ಅವರ ಜಾಝ್ ತಂಡ ಸೇರಿದರು. ಅಲ್ಲಿದ್ದಿದ್ದು ಸುಮಾರು ಎರಡು ವರ್ಷ. 1942ರಲ್ಲಿ ಕ್ಷಯ ರೋಗಕ್ಕೆ ಬಲಿಯಾದಾಗ ವಯಸ್ಸು ಬರೀ 25. ಅವರ ಸೋಲೋ ನಿಧಾನವಾಗಿ ಕೇಳಿ. ಸ್ಕೇಲ್ ಹತ್ತಿ ಇಳಿಯುವುದು ಕಡಿಮೆ. ಎಡಗೈ ಒಂದು ಕಾರ್ಡ್ ಆಕಾರದ ಸುತ್ತಲೇ ಓಡಾಡುತ್ತದೆ. ಪಿಕ್ ಹೆಚ್ಚಾಗಿ ಕೆಳಮುಖ. ಮೂರನೇ ದಿನ ಮೇಷ್ಟ್ರು ನಮ್ಮ ಆ ಮೂರು ತಂತಿ ಕಾರ್ಡ್‌ಗಳ ಸುತ್ತಲೇ ಸ್ವರ ಹುಡುಕಿಸಿದಾಗ ನನಗೆ ಇದು ಅರ್ಥವಾಯಿತು. ಪೆಂಟಾಟಾನಿಕ್ ಒಂದರಿಂದಲೇ ಆ ನಡೆ ಬರಲ್ಲ.

ಟಿ-ಬೋನ್ ವಾಕರ್ ಸ್ವಲ್ಪ ಬೇರೆ. ಅವರ ತಂತಿ ಎಳೆತಗಳು, ತಾಳಕ್ಕಿಂತ ಒಂಚೂರು ಹಿಂದೆ ಬರುವ ಮಾತು, ಇವೇ ಮುಂದಿನ ಬ್ಲೂಸ್‌ಗೆ ದಾರಿ. 1947ರ 'ಕಾಲ್ ಇಟ್ ಸ್ಟಾರ್ಮಿ ಮಂಡೇ' ಕೇಳಿದ ಮೇಲೆಯೇ ತನಗೆ ಎಲೆಕ್ಟ್ರಿಕ್ ಗಿಟಾರ್ ಬೇಕು ಅನ್ನಿಸಿತು ಅಂತ ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಹೇಳಿಕೊಂಡಿದ್ದಾರೆ. ಅದರಲ್ಲಿ ನೈನ್ತ್ ಕಾರ್ಡನ್ನು ಎರಡು ಫ್ರೆಟ್ ಮೇಲಿಂದ ಜಾರಿಸಿಕೊಂಡು ಬರುವ ಒಂದು ಜಾಗ ಇದೆ. ಬೆರಳಿಗೆ ಅದು ಹತ್ತು ನಿಮಿಷದ ಕೆಲಸ. ಯಾವಾಗ ಜಾರಿಸಬೇಕು ಅನ್ನುವುದಕ್ಕೆ ನನಗೆ ಎರಡು ದಿನ ಬೇಕಾಯಿತು.

ಚಿಕ್ಕಂದಿನಲ್ಲಿ ಸಂಗೀತ ಪಾಠಕ್ಕೆ ಹೋಗಿ ತಾಳ ಹಾಕಿದ್ದರೆ ನಿಮಗೆ ಒಂದು ಅನುಕೂಲ ಇದೆ. ಹನ್ನೆರಡು ಬಾರ್‌ನ ಬ್ಲೂಸ್ ಅಂದರೆ 48 ಏಟಿನ ಒಂದು ಆವರ್ತನ ಅಂತ ಇಟ್ಟುಕೊಳ್ಳಿ. ನಾನು ತೊಡೆ ಮೇಲೆ ತಾಳ ಹಾಕಿಕೊಂಡೇ ಕಲಿತೆ. ಎಲ್ಲಿದ್ದೇನೆ ಅಂತ ಎಂದೂ ತಪ್ಪಲಿಲ್ಲ.

ಶಿಬಿರ ಆರಿಸುವಾಗ ಎರಡು ವಿಷಯ ಮೊದಲೇ ಕೇಳಿ. ತರಗತಿಗೆ ಎಷ್ಟು ಜನ? ಬೇಸ್, ಡ್ರಮ್ಸ್ ಜೊತೆ ನುಡಿಸೋಕೆ ಸಿಗುತ್ತಾ? ಇದಕ್ಕೂ ಮೊದಲು ನಾನು ಬೇರೊಂದು ಕಡೆ ಹೋಗಿದ್ದೆ. ಒಂದು ಹಾಲ್‌ನಲ್ಲಿ ಮೂವತ್ತಕ್ಕೂ ಜಾಸ್ತಿ ಜನ, ಎಲ್ಲರ ಆಂಪೂ ಆನ್. ನನ್ನ ಕೈ ಕಡೆ ಯಾರೂ ಒಮ್ಮೆಯೂ ನೋಡಲಿಲ್ಲ. ಬೇಜಾರಾಗಿ ವಾಪಸ್ ಬಂದೆ.

ಗಿಟಾರ್ ದುಬಾರಿಯದು ಬೇಡ. ಆದರೆ ಮೂರನೇ ತಂತಿಯೂ ಸುತ್ತಿದ ತಂತಿ (ಮೇಲೆ ತೆಳು ಎಳೆ ಸುತ್ತಿದ್ದು) ಆಗಿರುವ ಸೆಟ್ ಹಾಕಿಸಿ. ಎಳೆಯೋಕೆ ಕಷ್ಟ, ಆದರೆ ಕಾರ್ಡ್‌ನ ಸದ್ದು ತುಂಬಿ ಬರುತ್ತದೆ.

ಹೋಗುವ ಮುಂಚಿನ ಒಂದು ತಿಂಗಳು ಹೀಗೆ ಮಾಡಿ. ಮೆಟ್ರೋನೋಮ್ (ಟಿಕ್ ಟಿಕ್ ಅಂತ ತಾಳ ಕೊಡುವ ಸಾಧನ) ನಿಮಿಷಕ್ಕೆ 80ಕ್ಕೆ ಇಡಿ. ಅದರ ಸದ್ದನ್ನು ಒಂದು, ಮೂರು ಅಂತ ಎಣಿಸಬೇಡಿ, ಎರಡು, ನಾಲ್ಕು ಅಂತ ಎಣಿಸಿ. ಆಗ ನೀವು 160ರ ವೇಗದಲ್ಲಿ ಇರುತ್ತೀರಿ. ಮೊದಲ ವಾರ ಸದ್ದು ಪದೇ ಪದೇ ಒಂದಕ್ಕೆ ಜಾರುತ್ತದೆ, ನಿಲ್ಲಿಸಿ ಮತ್ತೆ ಹಿಡಿಯಿರಿ. ಜೊತೆಗೆ ಲೆಸ್ಟರ್ ಯಂಗ್ ಅವರ ಸ್ಯಾಕ್ಸೋಫೋನ್ ದಿನಾ ಕೇಳಿ. ಕ್ರಿಶ್ಚಿಯನ್ ಕಿವಿ ಇದ್ದಿದ್ದು ಆ ಕಡೆಗೇ. ಒಂದು ಸಾಲು ಮೊದಲು ಬಾಯಲ್ಲಿ ಹಾಡಿ, ಆಮೇಲೆ ತಂತಿಯಲ್ಲಿ ಹುಡುಕಿ. ನಮ್ಮ ಮೇಷ್ಟ್ರು ವಾರಪೂರ್ತಿ ಒಂದು ಹಾಳೆಯನ್ನೂ ಕೊಡಲಿಲ್ಲ. ಹಾಡಿದ ಮೇಲೇ ಗಿಟಾರ್ ಮುಟ್ಟೋಕೆ ಬಿಡುತ್ತಿದ್ದರು.