ಏರ್‌ಪೋರ್ಟ್ ಅಂಗಡಿ, ನಮ್ಮ ಜೇಬು

ಪ್ರಶ್ನೆ: ಮಗಳನ್ನ ನೋಡೋಕೆ ದುಬೈಗೆ ಹೋಗಿ ಬಂದ್ವಿ ಸಾರ್. ವಾಪಸ್ ಬರೋವಾಗ ಅಲ್ಲಿ ಸೆಕ್ಯೂರಿಟಿ ಚೆಕ್ ಮುಗಿಸಿ ಗೇಟ್ ಕಡೆ ಹೊರಟ್ರೆ ಅಂಗಡಿ ಸಾಲಿನ ಮಧ್ಯದಿಂದ್ಲೇ ದಾರಿ. ನಮ್ಮ ಯಜಮಾನ್ರು ಬೇಡ ಬೇಡ ಅಂತಾನೇ ಎರಡು ಸೆಂಟ್ ಬಾಟ್ಲಿ ತಗೊಂಡ್ರು. ಬೇಕಂತಲೇ ಹೀಗೆ ಕಟ್ಟಿರ್ತಾರಾ? (ಹಾಸನದ ಓದುಗರು)

ಉತ್ತರ: ಬೇಕಂತಲೇ ತಾಯಿ, ಅನುಮಾನವೇ ಬೇಡ. ಬೆಲ್ಟು ಶೂ ಎಲ್ಲಾ ಬಿಚ್ಚಿ ಹಾಕೊಂಡು, ಪಾಸ್‌ಪೋರ್ಟ್ ಇದ್ಯಾ ಅಂತ ಇನ್ನೊಂದ್ಸಲ ಜೇಬು ತಡಕಿ, ಅಬ್ಬಾ ಮುಗೀತು ಅಂತ ಉಸಿರು ಬಿಡ್ತೀವಲ್ಲ, ದೊಡ್ಡ ಬ್ಯಾಗು ಹೋಗಿ ಕೈ ಖಾಲಿ, ಫ್ಲೈಟಿಗೆ ಇನ್ನೂ ಒಂದು ಗಂಟೆ, ಹೊರಗೆ ಹೋಗೋ ಹಾಗಿಲ್ಲ, ಆ ಹೊತ್ತಿಗೇ ಅಂಗಡಿ ಎದುರಾಗ್ಬೇಕು. ಲಂಡನ್ನಿನ ಹೀಥ್ರೂನಲ್ಲಿ ಗೇಟ್ ನಂಬರ್ರೇ ತಡವಾಗಿ ಹಾಕ್ತಾರೆ, ಅಲ್ಲಿವರೆಗೆ ಜನ ಅಂಗಡಿಗಳ ನಡುವೆ ಓಡಾಡ್ತಿರ್ತಾರೆ. ಏರ್‌ಪೋರ್ಟಲ್ಲಿ ಡ್ಯೂಟಿ ಫ್ರೀ, ಅಂದ್ರೆ ತೆರಿಗೆ ಇಲ್ಲದ ವ್ಯಾಪಾರ, ಶುರುವಾಗಿದ್ದು 1947ರಲ್ಲಿ, ಐರ್ಲೆಂಡಿನ ಶಾನನ್‌ನಲ್ಲಿ. ಅಟ್ಲಾಂಟಿಕ್ ದಾಟೋ ವಿಮಾನಗಳು ಇಂಧನ ತುಂಬಿಸ್ಕೊಳ್ಳೋಕೆ ಅಲ್ಲಿ ಇಳೀತಿದ್ವು, ಸುಮ್ನೆ ಕೂತಿರೋ ಜನಕ್ಕೆ ಏನಾದ್ರೂ ಮಾರೋಣ ಅಂದ್ಕೊಂಡ್ರು. 1983ರಲ್ಲಿ ದುಬೈ ಡ್ಯೂಟಿ ಫ್ರೀ ತೆರೆಯೋವಾಗ ಕಲಿಸಿಕೊಡೋಕೆ ಜನ ಬಂದಿದ್ದೂ ಐರ್ಲೆಂಡಿಂದ್ಲೇ.

ಪ್ರಶ್ನೆ: ಒಂದು ಟೀಗೆ ಇಷ್ಟೊಂದು ದುಡ್ಡು ಯಾಕೆ? ಇದೆಲ್ಲಾ ಯಾರ ಜೇಬಿಗೆ? (ದಾವಣಗೆರೆ)

ಉತ್ತರ: ಟೀ ಮಾರೋನೇ ಎಲ್ಲಾ ನುಂಗ್ತಾನೆ ಅಂದ್ಕೋಬೇಡಿ. ಸಾಮಾನ್ಯವಾಗಿ ಅಂಗಡಿಯೋರು ಏರ್‌ಪೋರ್ಟಿಗೆ ವ್ಯಾಪಾರದಲ್ಲಿ ಇಷ್ಟು ಪಾಲು ಅಂತ ಕೊಡ್ಬೇಕು, ವ್ಯಾಪಾರ ಆಗ್ಲಿಲ್ಲ ಅಂದ್ರೂ ಒಂದು ಕನಿಷ್ಠ ಮೊತ್ತ ಕಟ್ಲೇಬೇಕು, ಎರಡರಲ್ಲಿ ಯಾವುದು ಜಾಸ್ತಿನೋ ಅದು. ಆ ಭಾರ ಎಲ್ಲಾ ನಿಮ್ಮ ಲೋಟಕ್ಕೇ ಬೀಳತ್ತೆ. ಆದ್ರೆ ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ನಮ್ಮ ದೇಶದ 2016ರ ವಿಮಾನಯಾನ ನೀತಿ ಪ್ರಕಾರ ಅಂಗಡಿ, ಪಾರ್ಕಿಂಗ್, ಜಾಹೀರಾತು ಇಂಥದ್ರಿಂದ ಬರೋ ಆದಾಯದಲ್ಲಿ ಶೇ 30ನ್ನ, ಟಿಕೆಟ್ ಜೊತೆ ವಸೂಲಾಗೋ ಏರ್‌ಪೋರ್ಟ್ ಶುಲ್ಕ ಇಳಿಸೋಕೆ ಲೆಕ್ಕ ಹಿಡೀತಾರೆ. ಅಂದ್ರೆ ಸೆಂಟ್ ಕೊಂಡೋರು ಚಪಾತಿ ಡಬ್ಬಿ ತಂದೋರ ಶುಲ್ಕವನ್ನೂ ಸ್ವಲ್ಪ ಹೊರ್ತಾರೆ! ನಾನಂತೂ ಡಬ್ಬಿ ಪಾರ್ಟಿ. ಇನ್ನು ಈ ರೇಟಿನ ಬಗ್ಗೆ ಪಾರ್ಲಿಮೆಂಟಲ್ಲಿ ಗಲಾಟೆ ಆದ್ಮೇಲೆ 2024ರ ಡಿಸೆಂಬರಲ್ಲಿ ಕೋಲ್ಕತ್ತಾ ಏರ್‌ಪೋರ್ಟಲ್ಲಿ ಉಡಾನ್ ಯಾತ್ರಿ ಕೆಫೆ ಅಂತ ಅಗ್ಗದ ಅಂಗಡಿ ತೆರೆದ್ರು, ಅಲ್ಲಿ ಟೀ 10 ರೂಪಾಯಿ, ಸಮೋಸ 20. ಅಂದ್ರೆ ಮನಸ್ಸು ಮಾಡಿದ್ರೆ ಆಗತ್ತೆ.

ಪ್ರಶ್ನೆ: ಡ್ಯೂಟಿ ಫ್ರೀಲಿ ನಿಜವಾಗ್ಲೂ ಅಗ್ಗ ಯಾವುದು? (ಮಂಗಳೂರು)

ಉತ್ತರ: ತೆರಿಗೆ ಎಲ್ಲಿ ಜಾಸ್ತಿನೋ ಅಲ್ಲೇ ಉಳಿತಾಯ. ನಮ್ ರಾಜ್ಯದಲ್ಲಿ ಫಾರಿನ್ ವಿಸ್ಕಿ ರೇಟು ನಿಮಗೇ ಗೊತ್ತಲ್ಲ, ಹಾಗಾಗಿ ಅದು ಅಗ್ಗ, ತಲೆಗೆ 2 ಲೀಟರ್‌ವರೆಗೆ ತರಬಹುದು. ಚಾಕ್ಲೇಟು, ಸೆಂಟು ಆದ್ರೆ ಫೋನಲ್ಲಿ ರೇಟು ನೋಡಿ ಆಮೇಲೆ ಬಿಲ್ ಹಾಕ್ಸಿ, ಎಷ್ಟೋ ಸಲ ಆನ್‌ಲೈನಲ್ಲೇ ಕಮ್ಮಿಗೆ ಸಿಗತ್ತೆ. ಅಲ್ಲಿಂದ ಬಾಟ್ಲಿ ಹೊತ್ಕೊಂಡು ಬರೋದೂ ಬೇಡ, ಬೆಂಗಳೂರಲ್ಲಿ ಇಳಿದ್ಮೇಲೂ ಡ್ಯೂಟಿ ಫ್ರೀ ಇದೆ. ಫಾರಿನ್‌ನಲ್ಲೇ ಕೊಂಡ್ರೆ ಮಧ್ಯೆ ಫ್ಲೈಟ್ ಬದಲಿಸೋ ಕಡೆ ಇನ್ನೊಂದು ಸೆಕ್ಯೂರಿಟಿ ಇರಬಹುದು, ಸೀಲ್ ಮಾಡಿದ ಕವರ್ ಮನೆ ತಲುಪೋವರೆಗೂ ಬಿಚ್ಬೇಡಿ, ಬಿಚ್ಚಿದ್ರೆ ಕೈಬ್ಯಾಗಲ್ಲಿ 100 ಎಂಎಲ್ ಮೀರಿದ ದ್ರವ ಬೇಡ ಅನ್ನೋ ರೂಲ್ಸ್ ಹೇಳಿ ಬಾಟ್ಲಿ ಕಸದ ಡಬ್ಬಕ್ಕೆ ಹಾಕಿಸಬಹುದು.