ಫೆಸ್ಟ್ ಸೀಸನ್ ಸ್ಪೆಷಲ್: ನೀವು ಕೇಳಿ, ಅಕ್ಕ ಹೇಳ್ತಾರೆ

ಫೆಬ್ರವರಿ ಮಾರ್ಚ್ ಬಂತು ಅಂದ್ರೆ ಈ ಕಾಲಂಗೆ ಕಾಲೇಜ್ ಫೆಸ್ಟ್ ಪ್ರಶ್ನೆಗಳದ್ದೇ ರಾಶಿ. ಈ ಸಲ ಲವ್ವು, ಮಾರ್ಕ್ಸು, ಪಿಂಪಲ್ಲು ಎಲ್ಲಾ ಮುಂದಿನ ಸಂಚಿಕೆಗೆ.

ಪ್ರಶ್ನೆ: ಅಕ್ಕ, ನಾನು ಫೈನಲ್ ಇಯರ್ ಬಿಇ, ಈ ವರ್ಷ ಕಲ್ಚರಲ್ ಸೆಕ್ರೆಟರಿ ಬೇರೆ. ಶನಿವಾರ ಭಾನುವಾರ ಫೆಸ್ಟ್. ಒಬ್ಬ ಫೇಮಸ್ ಸಿಂಗರ್‌ನ ಕರೆಸ್ಲೇಬೇಕು ಅಂತ ಕಮಿಟಿಲಿ ಎಲ್ರೂ ಹಠ ಹಿಡಿದಿದಾರೆ. ಕರೆಸಿದ್ರೆ ಬಜೆಟ್ಟಲ್ಲಿ ಮುಕ್ಕಾಲು ಭಾಗ ಅಲ್ಲೇ ಖಾಲಿ, ಕರೆಸ್ದೇ ಇದ್ರೆ ಜನಾನೇ ಬರಲ್ಲ ಅಂತಾರೆ. ಏನ್ ಮಾಡ್ಲಿ? (ತುಮಕೂರು)

ಉತ್ತರ: ಜನ ಬರ್ತಾರೆ ತಮ್ಮಾ, ಆದ್ರೆ ಯಾವ ಜನ? ಭಾನುವಾರ ಸಂಜೆ ಏಳಕ್ಕೆ ಗೇಟ್ ಹತ್ರ ಪಾಸಿಗೆ ಜಗಳ ಆಡ್ಕೊಂಡು ನಿಲ್ಲೋರು ಬೇರೆ, ಶನಿವಾರ ಬೆಳಿಗ್ಗೆ ಕಾಸ್ಟ್ಯೂಮ್ ಬ್ಯಾಗ್ ಹೊತ್ಕೊಂಡು ಬೇರೆ ಊರಿಂದ ಬಂದು ಬಸ್ಸಿಳಿಯೋ ಟೀಮ್‌ಗಳೇ ಬೇರೆ. ನನ್ ಕೇಳಿದ್ರೆ ಫೆಸ್ಟು ಆ ಟೀಮ್‌ಗಳದ್ದು. ಅವರಿಗೆ ಮಧ್ಯಾಹ್ನ ಊಟ ಸಿಗಲಿಲ್ಲ, ಗ್ರೀನ್ ರೂಮಿಗೆ ಚಿಲಕ ಇಲ್ಲ, ಹತ್ತು ಗಂಟೆ ಅಂದಿದ್ದ ಗ್ರೂಪ್ ಡಾನ್ಸ್ ಮೂರಕ್ಕೆ ಶುರುವಾಯ್ತು ಅಂದ್ರೆ ಮುಂದಿನ ವರ್ಷ ನಿಮ್ ಕಡೆ ತಲೆ ಹಾಕಿ ಮಲಗಲ್ಲ ಅವ್ರು.

ನೀನು ಸಿಂಗರ್ ಫೀಸ್ ಒಂದೇ ಲೆಕ್ಕ ಹಾಕಿದೀಯ ಅನ್ಸುತ್ತೆ. ಅದರ ಬಾಲದಲ್ಲಿ ಬ್ಯಾಂಡ್‌ನವರ ಟಿಕೆಟ್ಟು, ರೂಮು, ಅವರು ಕೇಳಿದ್ದೇ ಕಂಪನಿ ಸೌಂಡ್ ಸಿಸ್ಟಮ್ಮು, ಎಲ್‌ಇಡಿ ವಾಲ್, ಜನರೇಟರ್, ಬ್ಯಾರಿಕೇಡ್, ಬೌನ್ಸರ್‌ಗಳು, ಎಲ್ಲಾ ಬರುತ್ತೆ. ಇನ್ನು ಟೈಮ್ ನೋಡು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕ್ ಹಾಕೋ ಹಾಗಿಲ್ಲ. ಸರ್ಕಾರ ವರ್ಷಕ್ಕೆ 15 ದಿನ ಮೀರದ ಹಾಗೆ ಹಬ್ಬ-ಉತ್ಸವಗಳಿಗೆ ಮಧ್ಯರಾತ್ರಿ 12ರವರೆಗೂ ಸಡಿಲಿಕೆ ಕೊಡ್ಬಹುದು, ಆದ್ರೆ ಅದು ಸರ್ಕಾರ ಆದೇಶ ಹೊರಡಿಸಿ ಕೊಡೋದು, ನಿಮ್ ಪ್ರಿನ್ಸಿಪಾಲ್ ಲೆಟರ್‌ಹೆಡ್ಡಲ್ಲಿ ಬರೆದುಕೊಟ್ರೆ ಆಗೋದಲ್ಲ. ಸೌಂಡ್ ಚೆಕ್ಕು, ದೀಪ ಬೆಳಗೋದು, ಸ್ಪಾನ್ಸರ್‌ಗೆ ಶಾಲು ಹಾರ, ಟ್ರಸ್ಟಿಗಳ ಭಾಷಣ ಮುಗಿಯೋ ಹೊತ್ತಿಗೆ ಒಂಬತ್ತೂಕಾಲು. ಅಂದ್ರೆ ಮುಕ್ಕಾಲು ಬಜೆಟ್ಟಿಗೆ ಮುಕ್ಕಾಲು ಗಂಟೆ ಹಾಡು!

ಕಮಿಟಿಗೆ ಇನ್ನೊಂದು ಲೆಕ್ಕಾನೂ ಹೇಳು. ಜಾನಪದ ಅಥವಾ ಶಾಸ್ತ್ರೀಯ ಕಲಾವಿದರ ಸಂಭಾವನೆ ಒಂದೂವರೆ ಲಕ್ಷದ ಒಳಗಿದ್ರೆ ಜಿಎಸ್‌ಟಿ ಇಲ್ಲ (ಬ್ರ್ಯಾಂಡ್ ಅಂಬಾಸಿಡರ್ ಆಗಿ ಬಂದ್ರೆ ಮಾತ್ರ ಈ ವಿನಾಯಿತಿ ಸಿಗಲ್ಲ). ಒಂದು ಒಳ್ಳೆ ಡೊಳ್ಳು ತಂಡ ಕರೆಸಿ ಕ್ಯಾಂಪಸ್ ಮಧ್ಯೆ ಬಿಟ್ರೆ ಬೌನ್ಸರೂ ಬೇಡ ವಾಲೂ ಬೇಡ, ಕ್ಯಾಂಟೀನಲ್ಲಿ ಟೀ ಕುಡೀತಿರೋರೂ ಎದ್ದು ಬರ್ತಾರೆ. ಉಳಿದ ದುಡ್ಡನ್ನ ಪ್ರೈಜ್, ಊಟ, ಹೊರಗಿನ ಜಡ್ಜ್‌ಗಳಿಗೆ ಹಾಕಿ. ಆಮೇಲೆ ಆತಿಥೇಯ ಕಾಲೇಜು ಓವರಾಲ್ ಟ್ರೋಫಿಗೆ ಲೆಕ್ಕಕ್ಕಿಲ್ಲ ಅಂತ ಪೋಸ್ಟರಲ್ಲೇ ಹಾಕ್ಬಿಡಿ. ತಾವೇ ನಡೆಸಿ ತಾವೇ ಕಪ್ ಎತ್ಕೊಳ್ಳೋ ಕಾಲೇಜುಗಳನ್ನ ನೋಡಿದ್ರೆ ನಂಗೆ ಮೈಯೆಲ್ಲಾ ಉರಿಯುತ್ತೆ.

ಪ್ರಶ್ನೆ: ಮೇಡಂ, ನಮ್ಮ ಮಗಳು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ಸುರತ್ಕಲ್ ಎನ್‌ಐಟಿಕೆಯ ಇನ್ಸಿಡೆಂಟ್ ಫೆಸ್ಟ್‌ಗೆ ಡಾನ್ಸ್ ಟೀಮ್ ಜೊತೆ ಹೋಗ್ತಾಳಂತೆ, ರಾತ್ರಿ ಅಲ್ಲೇ ಉಳ್ಕೋತಾರಂತೆ. ಕಳಿಸ್ಬಹುದಾ? (ಸಾಗರ)

ಉತ್ತರ: ಕಳಿಸಿ ಸಾರ್. 1960ರಲ್ಲಿ ಕೆಆರ್‌ಇಸಿ ಅಂತ ಶುರುವಾದ ಕಾಲೇಜು ಅದು, ಎನ್‌ಐಟಿ ಆಗಿದ್ದು 2002ರಲ್ಲಿ, ಹಳಬರ ಬಾಯಲ್ಲಿ ಈಗ್ಲೂ ಕೆಆರ್‌ಇಸಿನೇ. ಅಂಥ ದೊಡ್ಡ ಸ್ಟೇಜ್ ಎಲ್ಲರಿಗೂ ಸಿಗಲ್ಲ. ಆದ್ರೆ "ಯಾರ್ಯಾರು ಹೋಗ್ತಿದೀರಾ" ಅಂತ ಒಂದೇ ಪ್ರಶ್ನೆ ಕೇಳಿ ಸುಮ್ನಾಗ್ಬೇಡಿ. ಅವರ ಕಾಲೇಜಿಂದ ಪರ್ಮಿಷನ್ ಲೆಟರ್ ಆಗಿದೆಯಾ, ಜೊತೆಗೆ ಲೆಕ್ಚರರ್ ಯಾರಾದ್ರೂ ಹೋಗ್ತಾರಾ, ಉಳ್ಕೊಳ್ಳೋ ಜಾಗ ಫೆಸ್ಟಿನವರೇ ಕೊಟ್ಟಿದ್ದಾ ಇಲ್ಲಾ ಫ್ರೆಂಡಿನ ಫ್ರೆಂಡ್ ರೂಮಾ, ವಾಪಸ್ ಬರೋಕೆ ಟಿಕೆಟ್ ಬುಕ್ ಆಗಿದೆಯಾ, ಇಷ್ಟು ತಿಳ್ಕೊಳ್ಳಿ. ಅಲ್ಲಿ ಕ್ಯಾಂಪಸ್ ಪಕ್ಕದಲ್ಲೇ ಬೀಚು. ನೋಡೋಕೆ ಹೋಗ್ಲಿ, ಆದ್ರೆ ಪ್ರೋಗ್ರಾಂ ಮುಗಿದ್ಮೇಲೆ ರಾತ್ರಿ ಹೊತ್ತು ನೀರಿಗೆ ಇಳಿಯೋದು ಬೇಡ ಅಂತ ಕಡ್ಡಿ ಮುರಿದ ಹಾಗೆ ಹೇಳಿ, ಮಲೆನಾಡಿನ ಹೊಳೆಲಿ ಈಜು ಕಲಿತ ಮಕ್ಕಳಿಗೂ ಕಡಲಿನ ಸೆಳೆತ ಗೊತ್ತಾಗಲ್ಲ. ಗಂಟೆಗೊಂದ್ಸಲ ಫೋನ್ ಮಾತ್ರ ಮಾಡ್ಬೇಡಿ ಪಾಪ, ಸ್ಟೇಜ್ ಮೇಲಿದ್ರೆ ಹೇಗೆ ತೆಗೀತಾಳೆ.

ಪ್ರಶ್ನೆ: ನಾನು ಕನ್ನಡ ಮೀಡಿಯಂನಿಂದ ಬಂದೋಳು, ಫಸ್ಟ್ ಇಯರ್. ಫೆಸ್ಟ್ ಲಿಸ್ಟಲ್ಲಿ ಜಾಮ್, ಮ್ಯಾಡ್ ಆಡ್ಸ್, ಡಂಬ್ ಶರಾಡ್ಸ್ ಅಂತ ಬರೀ ಇಂಗ್ಲಿಷೇ ಇದೆ. ಸುಮ್ನೆ ರೂಮಲ್ಲಿ ಇದ್ಬಿಡ್ಲಾ ಅನ್ಸುತ್ತೆ. (ಹಾವೇರಿ)

ಉತ್ತರ: ರೂಮಲ್ಲಿ ಯಾಕಿರ್ತೀಯಾ ಹುಚ್ಚಿ. ಜಾಮ್ ಅಂದ್ರೆ ಜಸ್ಟ್ ಎ ಮಿನಿಟ್, 1967ರಲ್ಲಿ ಬಿಬಿಸಿ ರೇಡಿಯೋದಲ್ಲಿ ಶುರುವಾದ ಆಟ, ತಡವರಿಸದೆ, ಹೇಳಿದ್ದನ್ನೇ ಹೇಳದೆ, ವಿಷಯ ಬಿಡದೆ ಒಂದು ನಿಮಿಷ ಮಾತಾಡೋದು. ನೀನು ಪ್ರತಿಭಾ ಕಾರಂಜಿಲಿ ಆಶುಭಾಷಣ ಮಾಡಿದ್ರೆ ಅದರ ತಂಗಿನೇ ಇದು. ಕನ್ನಡದಲ್ಲೂ ಒಂದು ರೌಂಡ್ ಇಡಿ ಅಂತ ಕಮಿಟಿಗೆ ಬರ್ಕೊಡು, ನಾಲ್ಕು ಜನ ಸೈನ್ ಹಾಕಿದ್ರೆ ಸಾಕು, ಇಡ್ತಾರೆ. ಮಾತೇ ಬೇಡ ಅಂದ್ರೆ ಮೈಮ್, ರಂಗೋಲಿ, ಮಣ್ಣಿನ ಮಾಡೆಲಿಂಗ್, ಸ್ಥಳದಲ್ಲೇ ಚಿತ್ರ ಬಿಡಿಸೋದು ಇದಾವೆ. ಇವೆಲ್ಲಾ ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದಲ್ಲೂ ಇರೋ ಸ್ಪರ್ಧೆಗಳೇ, ಸೌತ್ ಝೋನ್ ದಾಟಿದ್ರೆ ನ್ಯಾಷನಲ್‌ವರೆಗೂ ದಾರಿ ಇದೆ. ಈ ವರ್ಷ ಅದ್ಯಾವುದೂ ಬೇಡ ಅನ್ಸಿದ್ರೆ ರಿಜಿಸ್ಟ್ರೇಷನ್ ಡೆಸ್ಕಲ್ಲಿ ವಾಲಂಟಿಯರ್ ಆಗಿ ಕೂತ್ಕೋ, ಎರಡು ದಿನದಲ್ಲಿ ಅರ್ಧ ಕಾಲೇಜ್ ಪರಿಚಯ ಆಗುತ್ತೆ.

ಪ್ರಶ್ನೆ: ನಮ್ಮ ಡಿಜೆ ನೈಟ್‌ಗೆ ಮ್ಯೂಸಿಕ್ ಲೈಸೆನ್ಸ್ ತಗೊಳ್ಳಿ ಅಂತ ನೋಟಿಸ್ ಬಂದಿದೆ. ಕಾಲೇಜಿಗೂ ಬೇಕಾ ಇದು? (ಬೆಂಗಳೂರು)

ಉತ್ತರ: ಕಾಪಿರೈಟ್ ಕಾಯ್ದೆ ಸೆಕ್ಷನ್ 52ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿ ಇದೆ, ನಿಜ. ಆದ್ರೆ ರೆಕಾರ್ಡ್ ಹಾಡು ಹಾಕೋದಾದ್ರೆ ಕೇಳೋರು ನಿಮ್ ಸ್ಟಾಫು, ಸ್ಟೂಡೆಂಟ್ಸು, ಅವರ ಅಪ್ಪ ಅಮ್ಮ, ಸಂಸ್ಥೆಯ ಕೆಲಸಕ್ಕೆ ಸಂಬಂಧಪಟ್ಟೋರು ಅಷ್ಟೇ ಇರ್ಬೇಕು. ನೀವು ಟಿಕೆಟ್ ಮಾರಿ ಊರೋರನ್ನೆಲ್ಲ ಒಳಗೆ ಬಿಟ್ಕೊಂಡು "ನಮ್ದು ಕಾಲೇಜು" ಅಂದ್ರೆ ನಡೆಯಲ್ಲ, ಲೈಸೆನ್ಸ್ ತಗೊಳ್ಳಿ.

ಪ್ರಶ್ನೆ: ನಮ್ದು ತಾಲೂಕಿನ ಸರ್ಕಾರಿ ಡಿಗ್ರಿ ಕಾಲೇಜು, ಫೆಸ್ಟ್ ಮಾಡೋಕೆ ದುಡ್ಡಿಲ್ಲ. ಟೀಮ್ ಚೆನ್ನಾಗಿದೆ, ಎಲ್ಲಿ ಕುಣಿಯೋದು? (ಪಿರಿಯಾಪಟ್ಟಣ)

ಉತ್ತರ: ಮೈಸೂರು ಪಕ್ಕದಲ್ಲೇ ಇಟ್ಕೊಂಡು ಈ ಪ್ರಶ್ನೆ! ದಸರಾಗೆ ಮುಂಚೆ ಮಾನಸಗಂಗೋತ್ರಿ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತಲ್ಲ, ಅದು ಕಾಲೇಜ್ ತಂಡಗಳಿಗೇ ಇರೋ ಸ್ಟೇಜು. ಕಂಸಾಳೆ, ವೀರಗಾಸೆ ಏನಾದ್ರೂ ಬರೋರಿದ್ರೆ ಈಗಿಂದ್ಲೇ ಪ್ರಾಕ್ಟೀಸ್ ಶುರು ಮಾಡಿ, ಅರ್ಜಿ ಯಾವಾಗ ಅಂತ ಕಲ್ಚರಲ್ ಇನ್‌ಚಾರ್ಜ್ ಸಾರ್ ಹಿಂದೆ ಬೀಳಿ.

ಪ್ರಶ್ನೆ: ಫೆಸ್ಟಿಗೆ ಹೋದ್ರೆ ಅಟೆಂಡೆನ್ಸ್ ಕೊಡ್ತಾರಾ? (ಹಾಸನ)

ಉತ್ತರ: ಶನಿವಾರ ಕ್ಲಾಸ್ ಇದ್ರೆ ಶುಕ್ರವಾರವೇ ಲೆಟರ್‌ಗೆ ಎಚ್‌ಒಡಿ ಸೈನ್ ಹಾಕಿಸ್ಕೋ. ಸೋಮವಾರ ಕಪ್ ತೋರಿಸಿ ಕೇಳ್ತೀನಿ ಅಂದ್ರೆ ಕಂಗ್ರಾಟ್ಸ್ ಸಿಗುತ್ತೆ, ಅಟೆಂಡೆನ್ಸ್ ಸಿಗಲ್ಲ.